ಮಗಳು ಇನ್ನೂ ಅಂಬೆಗಾಲಿಟ್ಟಿಲ್ಲ, ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಅದೇ ಪ್ರಶ್ನೆ: ನೆಂಟರ ಜೊತೆ ಏನು ಹಂಚಿಕೊಳ್ಳಲಿ?

ಪ್ರಶ್ನೆ: ನನ್ನ ತವರು ಮಂಡ್ಯ. ಈಗ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅತ್ತೆ, ಮಾವ ಮದ್ದೂರು ಕಡೆಯ ಹಳ್ಳಿಯಲ್ಲಿದ್ದಾರೆ. ಮಗಳಿಗೆ ಒಂಬತ್ತು ತಿಂಗಳು ತುಂಬಿತು. ಅವಳು ಬೋರಲು ಬಿದ್ದದ್ದು, ಮೊದಲ ಸಲ ರಾಗಿ ಸರಿ ತಿಂದದ್ದು, ಎಲ್ಲವನ್ನೂ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾ ಬಂದೆ. ಎರಡೂ ಕಡೆಯವರು ಸೇರಿ ನಲವತ್ತು ಜನರ ಮೇಲಿದ್ದಾರೆ. ಈಗ ಏನು ಹಾಕಿದರೂ ‘ಇನ್ನೂ ಅಂಬೆಗಾಲು ಇಟ್ಟಿಲ್ವಾ?’ ಅನ್ನುವ ಮಾತೇ ಮೊದಲು ಬರುತ್ತದೆ. ನಾದಿನಿಯ ಮಗ ಇವಳಿಗಿಂತ ಇಪ್ಪತ್ತು ದಿನ ಚಿಕ್ಕವನು, ಅವನು ಆಗಲೇ ಅಂಬೆಗಾಲಿಟ್ಟು ಅಡುಗೆಮನೆವರೆಗೂ ಹೋಗುತ್ತಾನೆ. ನಮ್ಮ ಮಾವ ಒಬ್ಬರು ವಾಕರ್ ತಂದುಕೊಡುತ್ತೇನೆ ಅಂತಿದ್ದಾರೆ. ‘ಫೋಟೊ ಹಾಕಿ ಹಾಕಿಯೇ ಮಗೂಗೆ ದೃಷ್ಟಿ ಆಗಿದೆ’ ಅಂತ ಅತ್ತೆ. ‘ಎಲ್ಲರೂ ನಮ್ಮವರೇ ತಾನೇ, ಹಾಕು’ ಅಂತ ಯಜಮಾನರು. ಹೋದ ವಾರ ಚಿಕ್ಕಮ್ಮ ಮಗಳ ಎಣ್ಣೆ ಸ್ನಾನದ ವಿಡಿಯೊವನ್ನು ಅವರ ಸ್ಟೇಟಸ್‌ಗೆ ಹಾಕಿಬಿಟ್ಟರು. ನನಗೆ ಗುರುತೇ ಇಲ್ಲದವರು ಅದನ್ನು ನೋಡಿದ್ದಾರೆ. ರಾತ್ರಿ ಮಗು ಮಲಗಿದ ಮೇಲೂ ನನಗೆ ನಿದ್ದೆ ಬರಲ್ಲ, ಯಾವ ತಿಂಗಳಿಗೆ ಏನು ಮಾಡಬೇಕು ಅನ್ನುವ ಪಟ್ಟಿಗಳನ್ನು ಮೊಬೈಲಿನಲ್ಲಿ ನೋಡುತ್ತಾ ಕೂರುತ್ತೇನೆ. ಮಗಳು ಕೂರುತ್ತಾಳೆ, ಆದರೆ ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ವಾಲುತ್ತಾಳೆ. ಹೊಟ್ಟೆ ಮೇಲೆ ಮಲಗಿಸಿದರೆ ಗುಂಡಗೆ ತಿರುಗುತ್ತಾಳೆ. ‘ಬ ಬ ಬ’ ಅಂತಾಳೆ, ಕರೆದರೆ ತಿರುಗಿ ನೋಡುತ್ತಾಳೆ, ಚಮಚವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾಳೆ. ಗ್ರೂಪಿನಿಂದ ಹೊರಗೆ ಬಂದುಬಿಡಲಾ? ಅಂದ ಹಾಗೆ, ಅವಳು ಐದು ವಾರ ಮುಂಚೆ ಹುಟ್ಟಿದವಳು, ಹುಟ್ಟಿದಾಗ 2.2 ಕೆ.ಜಿ. ಇದ್ದಳು.

ಉತ್ತರ: ಮಕ್ಕಳ ತಜ್ಞರು, ಮೈಸೂರು

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ‘ಅಂದ ಹಾಗೆ’ ಅಂತ ಬರೆದಿದ್ದೀರಿ. ನನಗೆ ಆ ಸಾಲೇ ಎಲ್ಲಕ್ಕಿಂತ ಮುಖ್ಯ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಬೆಳವಣಿಗೆ ನೋಡುವಾಗ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಬೇಕು. ಎರಡು ವರ್ಷ ತುಂಬುವವರೆಗೂ ನಾವು ಹಾಗೇ ಲೆಕ್ಕ ಹಾಕುತ್ತೇವೆ. ಆ ಲೆಕ್ಕದಲ್ಲಿ ನಿಮ್ಮ ಮಗಳಿಗೆ ಇನ್ನೂ ಎಂಟು ತಿಂಗಳೂ ತುಂಬಿಲ್ಲ. ನಾದಿನಿಯ ಮಗ ದಿನ ತುಂಬಿ ಹುಟ್ಟಿದ್ದರೆ ಇಬ್ಬರಲ್ಲಿ ಅವನೇ ದೊಡ್ಡವನು, ಸುಮಾರು ಹದಿನೈದು ದಿನಕ್ಕೆ. ಗ್ರೂಪಿನಲ್ಲಿ ಇಷ್ಟು ದಿನ ನಡೆದ ಹೋಲಿಕೆ ಶುರುವಿನಲ್ಲೇ ತಪ್ಪಿದೆ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗು ಹಿಂದೆ ಬಿದ್ದಿದೆಯಾ ಅನ್ನುವುದು ಒಂದು. ಅವಳನ್ನು ಯಾರ್ಯಾರು ನೋಡುತ್ತಿದ್ದಾರೆ ಅನ್ನುವುದು ಇನ್ನೊಂದು. ಯಾರ ಮನಸ್ಸೂ ನೋಯದ ಹಾಗೆ ಇದನ್ನು ಸಂಭಾಳಿಸುವುದು ಹೇಗೆ ಅನ್ನುವುದು ಮೂರನೆಯದು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವರು ವೈದ್ಯರು. ಆ ಕೆಲಸವನ್ನು ನಲವತ್ತು ಜನರ ಗ್ರೂಪು ಮಾಡಲು ಹೊರಟಿದೆ, ನಿಮ್ಮ ನಿದ್ದೆ ಹೋಗಿರುವುದು ಅದಕ್ಕೇ.

ಅಂಬೆಗಾಲಿಗೆ ‘ಇಂಥ ತಿಂಗಳು’ ಅಂತ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಅಳತೆ ಕೊಟ್ಟಿತು. ಅದರ ಪ್ರಕಾರ ಆಸರೆ ಇಲ್ಲದೆ ಕೂರುವುದು ಸುಮಾರು 4 ತಿಂಗಳಿನಿಂದ 9 ತಿಂಗಳೊಳಗೆ. ಕೈ ಮತ್ತು ಮಂಡಿ ಊರಿ ಅಂಬೆಗಾಲಿಡುವುದು 5 ತಿಂಗಳಿನಿಂದ ಹದಿಮೂರೂವರೆ ತಿಂಗಳವರೆಗೆ. ಯಾರ ಆಸರೆಯೂ ಇಲ್ಲದೆ ನಡೆಯುವುದು 8 ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ. ಅಂತರ ಎಷ್ಟಿದೆ ನೋಡಿ. ಎಂಟು ತಿಂಗಳಿಗೇ ನಡೆದ ಮಗುವೂ ಸರಿಯಾಗಿದೆ, ಹದಿನೇಳಕ್ಕೆ ನಡೆದ ಮಗುವೂ ಸರಿಯಾಗಿದೆ. ಇನ್ನೊಂದು ವಿಷಯ: ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲಿಲ್ಲ. ನೇರವಾಗಿ ಎದ್ದು ನಿಂತು ನಡೆದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಯಾವ ವಯಸ್ಸಿಗೆ ಏನು ಅನ್ನುವ ತನ್ನ ಪಟ್ಟಿಯನ್ನು 2022ರಲ್ಲಿ ತಿದ್ದಿದಾಗ ಅಂಬೆಗಾಲನ್ನು ಅದರಿಂದ ತೆಗೆದೇಬಿಟ್ಟಿತು. ರಾತ್ರಿ ನೀವು ನೋಡುವ ಪಟ್ಟಿಗಳಲ್ಲಿ ಎಷ್ಟೋ ಹಳೆಯವು, ಸರಾಸರಿ ತಿಂಗಳನ್ನೇ ಕೊನೆಯ ಗಡುವಿನ ಹಾಗೆ ಬರೆದಿರುತ್ತವೆ. ಸರಾಸರಿ ಅಂದರೆ ಅರ್ಧದಷ್ಟು ಮಕ್ಕಳು ಅದಾದ ಮೇಲೇ ಮಾಡುತ್ತಾರೆ ಅಂತ ಅರ್ಥ.

‘ಹೊಟ್ಟೆ ಮೇಲೆ ಗುಂಡಗೆ ತಿರುಗುತ್ತಾಳೆ’ ಅಂತ ಬರೆದಿದ್ದೀರಲ್ಲ, ಅದು ಮುಂದಕ್ಕೆ ಹೋಗುವ ತಯಾರಿ. ಮಕ್ಕಳು ಮೊದಲು ಸುತ್ತ ತಿರುಗುತ್ತಾರೆ. ಆಮೇಲೆ ಎಷ್ಟೋ ಮಕ್ಕಳು ಹಿಂದಕ್ಕೆ ಜಾರುತ್ತಾರೆ, ಯಾಕೆಂದರೆ ಕಾಲಿಗಿಂತ ಕೈಗೆ ಬಲ ಮೊದಲು ಬರುತ್ತದೆ. ಕೆಲವರು ಸೈನಿಕರ ಹಾಗೆ ಮೊಣಕೈ ಊರಿ ತೆವಳುತ್ತಾರೆ. ಕೆಲವರು ಕೂತಲ್ಲಿಂದಲೇ ಅಂಡು ಎಳೆದುಕೊಂಡು ಇಡೀ ಹಾಲ್ ಸುತ್ತುತ್ತಾರೆ. ಇವೆಲ್ಲ ಚಲನೆಯೇ.

ತಡವಾಗಲು ನಮ್ಮ ಕಡೆಯ ಮನೆಗಳಲ್ಲಿ ನಾನು ಜಾಸ್ತಿ ನೋಡುವ ಕಾರಣ ಒಂದಿದೆ: ಮಗುವನ್ನು ಕೆಳಗೆ ಬಿಡುವುದೇ ಇಲ್ಲ. ಅಜ್ಜಿಯ ಕಂಕುಳಿನಿಂದ ಚಿಕ್ಕಪ್ಪನ ಹೆಗಲಿಗೆ, ಅಲ್ಲಿಂದ ಪಕ್ಕದ ಮನೆಯವರ ತೊಡೆಗೆ. ಪ್ರೀತಿಗೇನೂ ಕೊರತೆ ಇಲ್ಲ, ನೆಲ ಮಾತ್ರ ಸಿಗುವುದಿಲ್ಲ. ಎರಡನೆಯದು ನೆಲವೇ. ಈಗಿನ ಮನೆಗಳಲ್ಲಿ ನುಣುಪು ಟೈಲ್ಸ್ ಅಥವಾ ಗ್ರಾನೈಟ್. ಅದರ ಮೇಲೆ ಸಾಕ್ಸ್ ಹಾಕಿದ ಮಗುವಿನ ಮಂಡಿ ಊರಲು ಹಿಡಿತವೇ ಸಿಗುವುದಿಲ್ಲ, ಕಾಲು ಎರಡೂ ಕಡೆಗೆ ಜಾರುತ್ತದೆ. ಒಂದು ದಪ್ಪ ಜಮಖಾನ ಹಾಸಿ. ಬರಿಗಾಲಲ್ಲಿ, ಮಂಡಿ ಕಾಣುವ ಚಡ್ಡಿಯಲ್ಲಿ ಬಿಡಿ. ಅವಳು ಮೆಚ್ಚುವ ಆ ಚಮಚವನ್ನು ಕೈಗೆ ಎಟುಕುವ ಎಟುಕದ ದೂರದಲ್ಲಿಡಿ. ಅವಳು ಎಚ್ಚರವಾಗಿರುವಾಗ ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿ. ನೀವೂ ನೆಲಕ್ಕೆ ಮಲಗಿ ಅವಳ ಕಣ್ಣಿನ ಮಟ್ಟಕ್ಕೆ ಬನ್ನಿ. ಎಣ್ಣೆ ನೀವುವುದು ಬೇಡ ಅಂತ ಹೇಳುವುದಿಲ್ಲ, ಮೆತ್ತಗೆ ನೀವಿ. ಕೈಕಾಲು ಜಗ್ಗಿ ಎಳೆದರೆ ಅಂಬೆಗಾಲು ಬೇಗ ಬರುತ್ತದೆ ಅನ್ನುವುದು ಸುಳ್ಳು.

ವಾಕರ್ ಬೇಡವೇ ಬೇಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ವಾಕರಿನಲ್ಲಿ ಮಗು ತುದಿಗಾಲಿನಲ್ಲಿ ನೆಲ ಒದೆಯುತ್ತದೆ, ಸೊಂಟ ಮತ್ತು ಬೆನ್ನಿಗೆ ಬೇಕಾದ ಅಭ್ಯಾಸ ಸಿಗುವುದಿಲ್ಲ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ತಡವಾಗುವುದೂ ಉಂಟು. ಮೆಟ್ಟಿಲಿನಿಂದ ಉರುಳುವುದು, ಬಿಸಿ ಸಾರಿನ ಪಾತ್ರೆಗೆ ಕೈ ಹಾಕುವುದು ಇದರಲ್ಲೇ ಜಾಸ್ತಿ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ. ಮಾವನವರಿಗೆ ಸುಮ್ನೆ ‘ಬೇಡ’ ಅಂದರೆ ಬೇಜಾರು ಮಾಡಿಕೊಳ್ಳಬಹುದು. ‘ಡಾಕ್ಟರು ಬೇಡ ಅಂದರು, ಅದರ ಬದಲು ಒಂದು ಒಳ್ಳೆ ಜಮಖಾನ ತಂದುಕೊಡಿ’ ಅನ್ನಿ. ಅವರ ಉಡುಗೊರೆಯ ಮೇಲೆಯೇ ಮಗು ಕಲಿತ ಹಾಗೂ ಆಗುತ್ತದೆ.

ಹಾಗಾದರೆ ಯಾವುದಕ್ಕೆ ಗಮನ ಕೊಡಬೇಕು? ಮಗುವನ್ನು ಎತ್ತಿದಾಗ ತೀರಾ ಜೋತು ಬೀಳುವುದು, ಇಲ್ಲವೇ ಕಾಲುಗಳು ಕತ್ತರಿಯ ಹಾಗೆ ಬಿಗಿಯುವುದು. ಯಾವಾಗಲೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇರುವುದು. ಶಬ್ದಕ್ಕೆ ತಿರುಗದಿರುವುದು, ಮುಖ ನೋಡದಿರುವುದು, ‘ಬ ಬ’, ‘ಮ ಮ’ ಥರದ ದನಿಯೇ ಇಲ್ಲದಿರುವುದು. ಮುಂಚೆ ಹುಟ್ಟಿದ ವಾರಗಳನ್ನು ಕಳೆದ ಲೆಕ್ಕದಲ್ಲಿ ಒಂಬತ್ತು ತಿಂಗಳು ದಾಟಿದ ಮೇಲೂ ಆಸರೆ ಇಲ್ಲದೆ ಕೂರದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಮಾಡುತ್ತಿದ್ದದ್ದನ್ನು ಮರೆಯುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಕಾಯಬೇಡಿ. ‘ನಿಮ್ಮ ಯಜಮಾನರೂ ತಡವಾಗಿಯೇ ನಡೆದದ್ದು, ಬಿಡು’ ಅಂತ ಯಾರಾದರೂ ಸಮಾಧಾನ ಹೇಳಿದರೂ ಕಾಯಬೇಡಿ. ನೀವು ಬರೆದಿರುವುದರಲ್ಲಿ ಇಂಥದ್ದೇನೂ ನನಗೆ ಕಾಣಲಿಲ್ಲ. ಕೈ ಬದಲಾಯಿಸುವುದು, ಕರೆದರೆ ತಿರುಗುವುದು, ದನಿ ಮಾಡುವುದು ಒಳ್ಳೆಯ ಲಕ್ಷಣಗಳು. ಆದರೂ ಪತ್ರ ಓದಿ ಮಗುವಿಗೆ ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ. ಒಬ್ಬರು ಮಕ್ಕಳ ವೈದ್ಯರು ಅವಳನ್ನು ಕೈಯಲ್ಲಿ ಎತ್ತಿ ನೋಡಬೇಕು. ಹುಟ್ಟಿದಾಗ ಕಿವಿ ಪರೀಕ್ಷೆ ಆಗಿಲ್ಲದಿದ್ದರೆ, ಅದರಲ್ಲೂ ಜಾಂಡೀಸ್ ತೀರಾ ಜಾಸ್ತಿ ಆಗಿದ್ದರೆ ಅಥವಾ ಐಸಿಯುನಲ್ಲಿ ಇಟ್ಟಿದ್ದರೆ, ಅದನ್ನೂ ಮಾಡಿಸಿಬಿಡಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ, ನಿಮಗೆ ಅದು ನಿಮ್ಮೂರಲ್ಲೇ ಇದೆ.

ಈಗ ದೃಷ್ಟಿಯ ಮಾತು. ಫೋಟೊ ಹಾಕಿದ್ದರಿಂದ ಮಗುವಿನ ಕಾಲಿಗೆ ಬಲ ಕಡಿಮೆ ಆಗುವುದಿಲ್ಲ. ‘ಎಲ್ಲರೂ ನೋಡಿ ಹೋದ ಮೇಲೆ ಮಗೂಗೆ ಜ್ವರ ಬಂತು’ ಅನ್ನುವುದು ಮಾತ್ರ ಎಷ್ಟೋ ಸಲ ನಿಜವೇ. ಆದರೆ ಬಂದವರಲ್ಲಿ ಒಬ್ಬರಿಗೆ ನೆಗಡಿ ಇರುತ್ತದೆ, ಅವರು ಮಗುವಿನ ಕೆನ್ನೆಗೆ ಮುತ್ತು ಕೊಟ್ಟಿರುತ್ತಾರೆ, ಎರಡು ಮೂರು ದಿನಕ್ಕೆ ಮಗುವಿನ ಮೂಗು ಸೋರುತ್ತದೆ. ದೃಷ್ಟಿಬೊಟ್ಟು ಕೆನ್ನೆಗೋ ಅಂಗಾಲಿಗೋ ಇಟ್ಟರೆ ತೊಂದರೆ ಇಲ್ಲ, ಕಣ್ಣಿಗೆ ಕಾಡಿಗೆ ಹಚ್ಚಬೇಡಿ. ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶ ಇರುತ್ತದೆ. ಮೆಣಸಿನಕಾಯಿ ನಿವಾಳಿಸಿ ಸುಡುವಾಗ ಆ ಘಾಟು ಮಗುವಿಗೆ ತಾಕದ ಹಾಗೆ ದೂರ ಸುಡಲಿ.

ಇಷ್ಟು ಹೇಳಿದ ಮೇಲೆ, ನಿಮ್ಮ ಅತ್ತೆಯ ಪರವಾಗಿ ಒಂದು ಮಾತು. ‘ಕಂಡ ಕಂಡವರಿಗೆಲ್ಲ ಮಗು ತೋರಿಸಬೇಡ’ ಅನ್ನುವುದು ಅವರ ಮಾತಿನ ಒಳಗಿನ ತಿರುಳು. ಗುರುತಿಲ್ಲದವರು ಸ್ನಾನದ ವಿಡಿಯೊ ನೋಡಿದರು ಅಂತ ನಿಮಗೆ ಆದ ಕಸಿವಿಸಿಯೂ ಅದೇ ಅಲ್ವಾ? ಕಾರಣ ಬೇರೆ ಬೇರೆ ಇರಬಹುದು, ಬೇಕಾಗಿರುವುದು ಇಬ್ಬರಿಗೂ ಒಂದೇ. ಈ ವಿಷಯದಲ್ಲಿ ಅವರು ನಿಮ್ಮ ಎದುರಾಳಿ ಅಂದುಕೊಳ್ಳಬೇಡಿ. ‘ಅಮ್ಮ, ನೀವು ಹೇಳಿದ್ದು ಸರಿ, ಇನ್ನು ಕಡಿಮೆ ಜನಕ್ಕೆ ಮಾತ್ರ ತೋರಿಸೋಣ’ ಅಂದು ನೋಡಿ. ಚಿಕ್ಕಮ್ಮನಿಗೆ ನೀವು ಹತ್ತು ಸಲ ಹೇಳುವುದಕ್ಕಿಂತ ಅತ್ತೆ ಒಂದು ಸಲ ಹೇಳಿದರೆ ಬೇಗ ಕೇಳುತ್ತಾರೆ.

ನೆಂಟರ ಪ್ರಶ್ನೆಗಳ ಬಗ್ಗೆಯೂ ಹೇಳಬೇಕು. ಮಗು ಹೊಸ್ತಿಲು ದಾಟಿದರೆ ಸಿಹಿ ಮಾಡಿ ಹಂಚುವ ಊರು ನಮ್ಮದು. ಮಗುವಿನ ಒಂದೊಂದು ಹೆಜ್ಜೆಯೂ ಮೊದಲಿನಿಂದ ಇಡೀ ಮನೆಯ ಸುದ್ದಿಯೇ ಆಗಿತ್ತು. ಆಗ ಮಗು ಕಣ್ಣೆದುರು ಬೆಳೆಯುತ್ತಿತ್ತು. ಅದು ನಕ್ಕದ್ದು, ಹಟ ಮಾಡಿದ್ದು, ಅತ್ತು ನಿದ್ದೆಗೆ ಜಾರಿದ್ದು ಎಲ್ಲರಿಗೂ ಗೊತ್ತಿರುತ್ತಿತ್ತು. ಈಗ ಮೂವತ್ತು ಸೆಕೆಂಡಿನ ವಿಡಿಯೊ ಬರುತ್ತದೆ. ನೋಡಿದವರಿಗೆ ಏನು ಕೇಳಬೇಕು ಅಂತ ಹೊಳೆಯುವುದಿಲ್ಲ, ಗೊತ್ತಿರುವ ಒಂದೇ ಪ್ರಶ್ನೆ ಕೇಳುತ್ತಾರೆ. ‘8 ತಿಂಗಳು ತುಂಬಿತು’ ಅಂತ ಬರೆದು ಫೋಟೊ ಹಾಕಿದರೆ ಅದು ರಿಸಲ್ಟ್ ಶೀಟಿನ ಹಾಗೆ ಕಾಣುತ್ತದೆ, ಜನ ಮಾರ್ಕ್ಸ್ ಹುಡುಕುತ್ತಾರೆ. ಅದರ ಬದಲು ‘ಇವತ್ತು ಕುಕ್ಕರ್ ಕೂಗಿದ ತಕ್ಷಣ ಇವಳೂ ಕೂಗಿದಳು’ ಅಂತ ಬರೆದು ನೋಡಿ. ಕೇಳುವ ಪ್ರಶ್ನೆಯೇ ಬದಲಾಗುತ್ತದೆ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಹತ್ತಿರವಾದದ್ದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಯಿತು. ಹೆಣ್ಣು ಅಂತ ಗೊತ್ತಾದರೆ ಗರ್ಭಪಾತ. ಅದೇ ನೆಲದಲ್ಲಿ ಒಂದು ಹೆಣ್ಣುಮಗು ಬೋರಲು ಬಿತ್ತು ಅಂತ ನಲವತ್ತು ಜನ ಸಂಭ್ರಮಪಟ್ಟರು ಅಂದರೆ ನನಗೆ ಅದು ಸಣ್ಣ ಸುದ್ದಿ ಅಲ್ಲ. ಗ್ರೂಪು ಬಿಟ್ಟು ಬನ್ನಿ ಅಂತ ನಾನು ಹೇಳದೇ ಇರುವುದಕ್ಕೆ ಇದೂ ಒಂದು ಕಾರಣ.

ಗ್ರೂಪು ಬಿಟ್ಟರೆ ಎರಡು ದಿನ ನೆಮ್ಮದಿ ಸಿಗಬಹುದು. ಆಮೇಲೆ ‘ಯಾಕೆ ಬಿಟ್ಟಳು?’ ಅನ್ನುವ ಫೋನುಗಳು ಶುರುವಾಗುತ್ತವೆ, ಸಿಟ್ಟು ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ನಾಳೆ ನಿಮಗೆ ಕೈಯಾಸರೆ ಬೇಕಾದಾಗ ಬರಬೇಕಾದವರೂ ಇವರೇ. ದೊಡ್ಡ ಗ್ರೂಪಿನಲ್ಲಿ ಇರಿ, ಅಲ್ಲಿ ಹಬ್ಬ ಹರಿದಿನಕ್ಕೆ ಒಂದು ಫೋಟೊ ಸಾಕು. ಅಜ್ಜ ಅಜ್ಜಿಯರು, ನಿಮ್ಮಿಬ್ಬರ ಒಡಹುಟ್ಟಿದವರು, ಇಷ್ಟೇ ಜನರ ಚಿಕ್ಕ ಗ್ರೂಪು ಮಾಡಿ, ದಿನದ ಸುದ್ದಿ ಅಲ್ಲಿ ಹಾಕಿ. ‘ನಮ್ಮನ್ನು ಸೇರಿಸಲಿಲ್ಲ’ ಅನ್ನುವ ಬೇಜಾರು ಒಬ್ಬಿಬ್ಬರಿಗೆ ಬಂದೇ ಬರುತ್ತದೆ. ಅದನ್ನು ಎದುರಿಸುವ ಕೆಲಸ ಹಂಚಿಕೊಳ್ಳಿ: ಅವರ ಕಡೆಯವರಿಗೆ ಯಜಮಾನರು ಹೇಳಲಿ, ನಿಮ್ಮ ಕಡೆಯವರಿಗೆ ನೀವು ಹೇಳಿ. ಸೊಸೆ ಬಾಯಲ್ಲಿ ಬಂದರೆ ದೂರು ಅನ್ನಿಸುವ ಮಾತು ಮಗನ ಬಾಯಲ್ಲಿ ಬಂದರೆ ಬರೀ ಮಾತಾಗಿರುತ್ತದೆ. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ, ಆದರೆ ಹೀಗೇ ನಡೆಯುತ್ತದೆ.

ಅಜ್ಜ ಅಜ್ಜಿಗೆ ವಿಡಿಯೊಗಿಂತ ವಿಡಿಯೊ ಕಾಲ್ ಒಳ್ಳೆಯದು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲು, ಟಿವಿ ಬೇಡ ಅನ್ನುತ್ತೇವೆ, ಮನೆಯವರ ಜೊತೆ ಆಗಾಗ ಮಾಡುವ ವಿಡಿಯೊ ಕಾಲ್ ಮಾತ್ರ ಅದಕ್ಕೆ ಹೊರತು. ಐದೇ ನಿಮಿಷ ಸಾಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋನನ್ನು ಒಂದು ಡಬ್ಬಿಗೆ ಒರಗಿಸಿಡಿ. ಆ ಕಡೆ ಅಜ್ಜಿ ಸೆರಗಲ್ಲಿ ಮುಖ ಮುಚ್ಚಿ ತೆಗೆಯಲಿ. ಮೊದಲ ಸಲ ಮಗು ಪಿಳಿಪಿಳಿ ನೋಡುತ್ತದೆ. ಎರಡು ಮೂರು ಸಲ ಆದ ಮೇಲೆ ಸೆರಗು ಸರಿಯುವ ಮೊದಲೇ ನಗಲು ಶುರು ಮಾಡುತ್ತದೆ. ಕೆಲವು ಮಕ್ಕಳು ಅಜ್ಜಿ ಎಲ್ಲಿ ಹೋದರು ಅಂತ ಫೋನಿನ ಹಿಂದೆ ಬಗ್ಗಿ ನೋಡುತ್ತಾರೆ. ಕಣ್ಣಿಗೆ ಕಾಣದ್ದೂ ಇದೆ ಅಂತ ಅವಳಿಗೆ ಅರ್ಥವಾಗುತ್ತಿರುವುದು ಹೀಗೇ, ಈ ವಯಸ್ಸಿಗೆ ಅದು ಅಂಬೆಗಾಲಿಗಿಂತ ಕಡಿಮೆ ಬೆಳವಣಿಗೆಯೇನಲ್ಲ. ಅಜ್ಜಿಗೆ ಅದನ್ನು ಹೇಳಿ, ಖುಷಿಪಡುತ್ತಾರೆ. ಮಾವನವರಿಗೆ ಫೋನು ಅಷ್ಟಾಗಿ ಬಾರದಿದ್ದರೆ ಆಗಾಗ ಒಂದು ಫೋಟೊ ಪ್ರಿಂಟ್ ಹಾಕಿಸಿ ಊರಿಗೆ ಕೊಡಿ. ಗೋಡೆಗೆ ಹಾಕಿದ ಫೋಟೊವನ್ನು ಯಾರೂ ಫಾರ್ವರ್ಡ್ ಮಾಡಲಾರರು.

ಫೋಟೊಗಳ ವಿಷಯದಲ್ಲಿ ನನ್ನ ಗೆರೆ ಇಷ್ಟು: ಮೈಮೇಲೆ ಬಟ್ಟೆ ಇಲ್ಲದ್ದು, ಸ್ನಾನದ್ದು, ಆಸ್ಪತ್ರೆಯ ಚೀಟಿ, ಜನ್ಮ ಪ್ರಮಾಣಪತ್ರ, ಹುಟ್ಟಿದ ದಿನದ ಜೊತೆ ಪೂರ್ತಿ ಹೆಸರು, ಇವು ಎಷ್ಟೇ ಚಿಕ್ಕ ಗ್ರೂಪಾದರೂ ಬೇಡ. ‘ಒಂದೇ ಸಲ ನೋಡುವ’ ಹಾಗೆ ಕಳಿಸುವ ಸೌಲಭ್ಯ, ತಾನಾಗಿಯೇ ಅಳಿಸಿಹೋಗುವ ಮೆಸೇಜು, ಸ್ಟೇಟಸ್ ಯಾರಿಗೆ ಕಾಣಬೇಕು ಅಂತ ಆರಿಸುವುದು ಎಲ್ಲ ವಾಟ್ಸಾಪಿನಲ್ಲಿವೆ, ಬಳಸಿ. ಆದರೆ ಅವುಗಳ ಮೇಲೆ ಪೂರ್ತಿ ಭಾರ ಹಾಕಬೇಡಿ. ಇನ್ನೊಂದು ಫೋನಿನಿಂದ ಫೋಟೊ ತೆಗೆಯುವವರನ್ನು ಯಾವ ಸೆಟ್ಟಿಂಗೂ ತಡೆಯುವುದಿಲ್ಲ. ಯಾರಾದರೂ ಮಗುವಿನ ಚಿತ್ರವನ್ನು ಕೆಟ್ಟದ್ದಕ್ಕೆ ಬಳಸಿದ್ದು ಗೊತ್ತಾದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ.

ಚಿಕ್ಕಮ್ಮನಿಗೆ ಗ್ರೂಪಿನಲ್ಲಿ ಹೇಳಬೇಡಿ, ಎಲ್ಲರೆದುರು ಹೇಳಿದ ಹಾಗಾಗುತ್ತದೆ. ಫೋನ್ ಮಾಡಿ. ‘ಚಿಕ್ಕಮ್ಮ, ನಿಮಗೆ ಅವಳ ಮೇಲೆ ಎಷ್ಟು ಆಸೆ ಅಂತ ಗೊತ್ತು. ಸ್ನಾನದ್ದು ಬೇಡ, ತೆಗೆದುಬಿಡಿ. ಅವಳು ಲಂಗ ಹಾಕಿಕೊಂಡಿರೋದು ಒಂದು ಕಳಿಸ್ತೀನಿ, ಅದು ನೀವೇ ಇಟ್ಕೊಳ್ಳಿ, ಸ್ಟೇಟಸ್‌ಗೆ ಹಾಕೋಕೆ ಮುಂಚೆ ನನಗೊಂದು ಮಾತು ಹೇಳಿ’. ಇಷ್ಟು ಸಾಕು, ಉದ್ದ ವಿವರಣೆ ಬೇಡ.

ನಿಮ್ಮ ನಿದ್ದೆಯ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗು ಮಲಗಿದ ಮೇಲೂ ನಿದ್ದೆ ಬಾರದಿರುವುದು ಬಾಣಂತನದ ನಂತರದ ಖಿನ್ನತೆಯ ಅಥವಾ ಆತಂಕದ ಲಕ್ಷಣ ಇರಬಹುದು, ಹೆರಿಗೆಯಾಗಿ ಒಂದು ವರ್ಷದವರೆಗೂ ಅದು ಬರಬಹುದು. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಅಳು ಬರುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ ನಿಮ್ಮ ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೇ ಹಾನಿ ಮಾಡುವಂಥ ಯೋಚನೆ, ಬದುಕು ಬೇಡ ಅನ್ನುವ ಯೋಚನೆ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಯಜಮಾನರಿಗೆ ಈ ಉತ್ತರದ ಈ ಭಾಗವನ್ನಾದರೂ ಓದಲು ಕೊಡಿ.

ಒಂಬತ್ತು ತಿಂಗಳಿಗೆ ಹೇಗೂ ದಡಾರ–ರುಬೆಲ್ಲಾ ಲಸಿಕೆ, ವಿಟಮಿನ್ ಎ ಹನಿ ಹಾಕಿಸಬೇಕು. ಆ ದಿನವೇ ಬೆಳವಣಿಗೆಯನ್ನೂ ನೋಡಿ ಅಂತ ವೈದ್ಯರನ್ನು ಕೇಳಿ. ‘ಐದು ವಾರ ಮುಂಚೆ ಹುಟ್ಟಿದ್ದು’ ಅಂತ ನೀವೇ ಮೊದಲು ಹೇಳಿ. ಮಗುವಿನ ಮೈಗೆ ಕಬ್ಬಿಣಾಂಶ ಸೇರುವುದು ಹೆಚ್ಚಾಗಿ ಗರ್ಭದ ಕೊನೆಯ ತಿಂಗಳುಗಳಲ್ಲಿ, ಹಾಗಾಗಿ ಇಂಥ ಮಕ್ಕಳಿಗೆ ಅದರ ಕೊರತೆ ಬೇಗ ಬರುತ್ತದೆ. ಕಬ್ಬಿಣದ ಹನಿ ಕೊಡುತ್ತಿದ್ದೀರಾ, ಎಷ್ಟು ಕೊಡಬೇಕು ಅಂತ ಕೇಳಿಕೊಳ್ಳಿ. ಹೊಸ ಜಾಗದಲ್ಲಿ, ಬಿಳಿ ಕೋಟಿನ ಎದುರು ಮಕ್ಕಳು ಏನೂ ಮಾಡದೆ ಅಳುವುದೇ ಜಾಸ್ತಿ. ಅದಕ್ಕೆ ಮನೆಯಲ್ಲೇ ಒಂದು ವಿಡಿಯೊ ತೆಗೆದುಕೊಂಡು ಹೋಗಿ. ಹಗಲು ಬೆಳಕಿನಲ್ಲಿ, ಜಮಖಾನದ ಮೇಲೆ, ಪಕ್ಕದಿಂದ, ಕೈಕಾಲು ಪೂರ್ತಿ ಕಾಣುವ ಹಾಗೆ, ಎರಡು ನಿಮಿಷ. ನೀವು ಎತ್ತಬೇಡಿ, ತಿರುಗಿಸಬೇಡಿ, ಚಮಚ ಒಂದನ್ನು ಮುಂದಿಟ್ಟು ಸುಮ್ಮನಿರಿ. ಇದನ್ನು ವೈದ್ಯರಿಗೆ ನಿಮ್ಮ ಫೋನಿನಲ್ಲೇ ತೋರಿಸಿ, ಕಳಿಸುವ ಅಗತ್ಯ ಇಲ್ಲ. ಜೊತೆಗೆ ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ, ತೂಕ ಎತ್ತರ ಬರೆಸಿಕೊಂಡು ಬನ್ನಿ.